ಮಣ್ಣಿನೊಳಗಿನ ಗಾಳಿ ಹಿಡಿಯುವುದು ಹೇಗೆ? ಐಸೋಟೋಪ್ ಪರೀಕ್ಷೆಗೆ ಹೊಲದಲ್ಲಿ ಸ್ಯಾಂಪಲ್ ತೆಗೆಯುವವರಿಗೆ

"ಮಣ್ಣಿನ ಗಾಳಿಯ ಸ್ಯಾಂಪಲ್ ಲ್ಯಾಬಿಗೆ ಕಳಿಸಬೇಕು. ಹೇಗೆ ತೆಗೆಯೋದು?" ಮುಂಗಾರು ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಕೃಷಿ ಅಥವಾ ಪರಿಸರ ವಿಜ್ಞಾನ ಓದುವ ವಿದ್ಯಾರ್ಥಿಗಳು. ಮಷಿನ್ ಬಗ್ಗೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೈಗೆ ಸಿರಿಂಜ್ ಬಂದಾಗಲೇ ತಡವರಿಸುವುದು. ಹೇಳಿದ್ದನ್ನೇ ಎಷ್ಟು ಸಲ ಹೇಳುವುದು, ಅಲ್ವಾ? ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ಒಂದು ರಾಗಿ ಹೊಲ ಇಟ್ಟುಕೊಳ್ಳೋಣ. ನಮ್ಮ ಹಳೇ ಮೈಸೂರು ಕಡೆಯ ಕೆಂಪು ಮಣ್ಣಿನ ಹೊಲ, ನಡುವೆ ಅವರೆಯ ಅಕ್ಕಡಿ ಸಾಲು. ಮಣ್ಣಿನೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿದೆ. ಬೇರುಗಳು ಉಸಿರಾಡುತ್ತವೆ, ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಅದರಲ್ಲಿ ರಾಗಿಯ ಪಾಲೆಷ್ಟು, ಅವರೆಯ ಪಾಲೆಷ್ಟು? ಕಣ್ಣಿಗಂತೂ ಕಾಣುವುದಿಲ್ಲ. ಐಸೋಟೋಪ್, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣು, ಅದನ್ನು ಹೇಳುತ್ತದೆ. ಆದರೆ ಸ್ಯಾಂಪಲ್ ಸರಿಯಾಗಿ ತೆಗೆದಿದ್ದರೆ ಮಾತ್ರ.

ಮೊದಲು ನಾಲ್ಕು ಪದ

ಕಾರ್ಬನ್ ಪರಮಾಣುಗಳಲ್ಲಿ ಹೆಚ್ಚಿನವು ಕಾರ್ಬನ್-12. ನೂರಕ್ಕೆ ಸುಮಾರು 1.1ರಷ್ಟು ಮಾತ್ರ ಕಾರ್ಬನ್-13, ಅಂದರೆ ಸ್ವಲ್ಪ ಭಾರದ ಅಣ್ಣತಮ್ಮಂದಿರು. ಇವೆರಡರ ಅನುಪಾತವನ್ನು ಒಂದು ಅಂತರರಾಷ್ಟ್ರೀಯ ಅಳತೆಗಲ್ಲಿನ ಜೊತೆ ಹೋಲಿಸಿ, ವ್ಯತ್ಯಾಸವನ್ನು ಸಾವಿರಕ್ಕೆ ಇಷ್ಟು ಎಂದು ಬರೆಯುತ್ತಾರೆ. ಅದಕ್ಕೇ 'ಡೆಲ್ಟಾ' ಎನ್ನುವುದು. 'ಪರ್ ಮಿಲ್' ಅಂದರೆ ಸಾವಿರಕ್ಕೆ ಅಂತ ಅರ್ಥ, ಬೇರೇನೂ ಅಲ್ಲ. ಮೈನಸ್ 16 ಎಂದು ಬಂದರೆ, ಆ ಅಳತೆಗಲ್ಲಿಗಿಂತ ಇಲ್ಲಿ ಕಾರ್ಬನ್-13ರ ಅನುಪಾತ ಸಾವಿರಕ್ಕೆ 16ರಷ್ಟು ಕಡಿಮೆ.

ನಮ್ಮ ಬೆಳೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಭತ್ತ, ಅವರೆ, ತೊಗರಿ, ಹುಚ್ಚೆಳ್ಳು, ಅಡಿಕೆ, ಕಾಫಿ ಇವೆಲ್ಲ 'ಸಿ3' ಗಿಡಗಳು. ಇವುಗಳ ಡೆಲ್ಟಾ ಮೈನಸ್ 27ರ ಆಸುಪಾಸು. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು 'ಸಿ4' ಗಿಡಗಳು. ಇವು ಮೈನಸ್ 12ರ ಹತ್ತಿರ. ಗಾಳಿಯಿಂದ ಕಾರ್ಬನ್ ಹಿಡಿಯುವ ರೀತಿ ಬೇರೆಯಾದ್ದರಿಂದ ಈ ವ್ಯತ್ಯಾಸ. ರಾಗಿಗೂ ಅವರೆಗೂ ನಡುವೆ 15ರಷ್ಟು ಅಂತರ ಇರುವುದರಿಂದಲೇ ನಮ್ಮ ಲೆಕ್ಕ ಸಾಧ್ಯ. ನೀವು ಸಾಲಿನ ನಡುವೆ ಜೋಳ ಹಾಕಿದ್ದರೆ ಈ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಎರಡೂ ಸಿ4, ಬೇರೆ ಮಾಡಲು ಆಗುವುದಿಲ್ಲ.

ಇನ್ನೊಂದು ವಿಷಯ ತುಂಬಾ ಮುಖ್ಯ. ಹಗುರ ಅಣುಗಳು ಮಣ್ಣಿನ ರಂಧ್ರಗಳಿಂದ ಬೇಗ ಹೊರಗೆ ಹೋಗುತ್ತವೆ. ಮದುವೆ ಮನೆಯ ಊಟದ ಹಾಲ್ ಬಾಗಿಲು ತೆಗೆದಾಗ ಚಿಕ್ಕ ಮಕ್ಕಳು ಮೊದಲು ನುಸುಳುವ ಹಾಗೆ. ಹಾಗಾಗಿ ಮಣ್ಣಿನೊಳಗೆ ಉಳಿದಿರುವ ಗಾಳಿ, ಬೇರುಗಳು ಬಿಟ್ಟ ಗಾಳಿಗಿಂತ ಕನಿಷ್ಠ 4.4 ಪರ್ ಮಿಲ್ ಭಾರ ಇರುತ್ತದೆ. ಈ 4.4 ಅನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬೇಕಾಗುವ ಸಾಮಾನು

ಕೊಳವೆ: ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕೊಳವೆ, ಹೊರ ಅಗಲ 3 ಮಿಲಿಮೀಟರ್, ಒಳ ಅಗಲ 2 ಮಿಲಿಮೀಟರ್ ಇದ್ದರೆ ಸಾಕು. ಅದರೊಳಗೆ ಸಲೀಸಾಗಿ ಹೋಗಿ ಬರುವ ಒಂದು ಗಟ್ಟಿ ತಂತಿ. ಕೊಳವೆ ಇಳಿಸುವಾಗ ಬಾಯಿಗೆ ಮಣ್ಣು ಕಟ್ಟದಿರಲಿ ಅಂತ ಈ ತಂತಿ.

ಮೂರು ದಾರಿಯ ಸ್ಟಾಪ್‌ಕಾಕ್: ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ನೋಡಿರುತ್ತೀರಿ, ತಿರುಗಿಸುವ ಪುಟ್ಟ ನಲ್ಲಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಸಿರಿಂಜ್ ಕೂಡ ಅಲ್ಲೇ. 30 ಅಥವಾ 50 ಮಿಲಿಲೀಟರಿನದು ತನ್ನಿ. ಸುಮ್ನೆ ಒತ್ತಿ ಕೂರಿಸುವಂಥದ್ದು ಬೇಡ, ತಿರುಗಿಸಿ ಲಾಕ್ ಆಗುವಂಥದ್ದೇ ಬೇಕು.

ಸೂಜಿ: 23 ಅಥವಾ 25 ನಂಬರಿನದು. ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ, ಬಿರಡೆಗೆ ಬೀಳುವ ತೂತೂ ಸಣ್ಣ.

ವಯಲ್: 12 ಮಿಲಿಲೀಟರಿನ ಗಾಜಿನ ಸೀಸೆ. ಮೇಲೆ ಬ್ಯುಟೈಲ್ ರಬ್ಬರಿನ ಬಿರಡೆ, ಸ್ಕ್ರೂ ಮುಚ್ಚಳ. ಲ್ಯಾಬಿನವರು 'ಎಕ್ಸಿಟೈನರ್' ಎನ್ನುವುದು ಇದನ್ನೇ.

ಇದರ ಜೊತೆಗೆ ಬೆಂಟೊನೈಟ್ ಜೇಡಿಪುಡಿ, ನೀರು, ಸ್ಪ್ಯಾನರ್, ಮಣ್ಣಿನ ಥರ್ಮಾಮೀಟರ್, ಪೆನ್ಸಿಲ್, ನೋಟ್‌ಬುಕ್.

ಇಲ್ಲಿ ಎರಡು ಎಚ್ಚರಿಕೆ. ಸಿಲಿಕೋನ್ ಟ್ಯೂಬ್ ಮೆತ್ತಗೆ ಚೆನ್ನಾಗಿರುತ್ತದೆ ಅಂತ ಜೋಡಿಸಬೇಡಿ. ಕಾರ್ಬನ್ ಡೈಆಕ್ಸೈಡ್ ಅದರ ಗೋಡೆಯ ಮೂಲಕವೇ ಆಚೀಚೆ ಹೋಗುತ್ತದೆ. ಹಾಗೆಯೇ ಆಗ ತಾನೇ ಹಚ್ಚಿದ ಸಿಲಿಕೋನ್ ಅಂಟು ಅಥವಾ ಫೆವಿಕ್ವಿಕ್ ಥರದ ಗಮ್ ಹತ್ತಿರ ಸುಳಿಯಬಾರದು. ಅದರ ಆವಿ ಸ್ಯಾಂಪಲ್‌ಗೆ ಸೇರಿದರೆ, ಲೇಸರ್ ಬಳಸುವ ಮಷಿನ್‌ಗಳು ತಪ್ಪು ಓದುತ್ತವೆ. ಜೋಡಣೆಗೆ ಲೋಹದ ಫಿಟ್ಟಿಂಗೇ ವಾಸಿ.

ಹಂತ 1: ಮೊದಲು ಲ್ಯಾಬಿಗೆ ಫೋನ್ ಮಾಡಿ

ಹೊಲಕ್ಕೆ ಹೋಗುವ ಮೊದಲು ಇದು ಆಗಬೇಕು. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲೂ ಐಸೋಟೋಪ್ ಅಳೆಯುವ ಮಷಿನ್‌ಗಳಿವೆ. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲೂ ಇವೆ. ಆದರೆ ಮಷಿನ್ ಇದ್ದ ಮಾತ್ರಕ್ಕೆ ನಿಮ್ಮ ವಯಲ್ ಅದಕ್ಕೆ ಹೊಂದಬೇಕಲ್ಲ! ಕೇಳಬೇಕಾದದ್ದು ಇಷ್ಟು:

ಯಾವ ವಯಲ್ ಬೇಕು? ಗಾಳಿ ತೆಗೆದು ಖಾಲಿ ಮಾಡಿದ್ದೋ, ಹೀಲಿಯಂ ತುಂಬಿದ್ದೋ? ಎಷ್ಟು ಗಾಳಿ ಬೇಕು? ಎಷ್ಟು ಸಾಂದ್ರತೆವರೆಗೆ ಮಷಿನ್ ಓದುತ್ತದೆ? ಡೆಲ್ಟಾ ಜೊತೆಗೆ ಸಾಂದ್ರತೆಯನ್ನೂ ಕೊಡುತ್ತೀರಾ? ಸ್ಯಾಂಪಲ್ ತಲುಪಿದ ಮೇಲೆ ಎಷ್ಟು ದಿನಕ್ಕೆ ಸರದಿ?

ಸಾಂದ್ರತೆಯ ಪ್ರಶ್ನೆಯನ್ನು ಹುಡುಗರು ಕೇಳುವುದೇ ಇಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420. ಮಣ್ಣಿನೊಳಗೆ ಅದು ಸಾವಿರಗಟ್ಟಲೆ. ಮಳೆಗಾಲದಲ್ಲಿ ಬೇರು ಚುರುಕಾಗಿದ್ದಾಗ ಹತ್ತು ಸಾವಿರ ದಾಟುವುದೂ ಉಂಟು. ಹೊರಗಿನ ಗಾಳಿಗೆ ಅಂತ ಹೊಂದಿಸಿಟ್ಟ ಮಷಿನ್‌ಗೆ ಇದನ್ನು ಕೊಟ್ಟರೆ ಅಳತೆ ಕೈಕೊಡುತ್ತದೆ. ಮೊದಲೇ ಹೇಳಿದ್ದರೆ ಅವರು ತೆಳು ಮಾಡಿಕೊಂಡು ಓದುತ್ತಾರೆ.

ಹಂತ 2: ವಯಲ್ ಸಿದ್ಧಮಾಡಿಕೊಳ್ಳಿ

ಹೊಸ ಬಿರಡೆ ಹಾಕಿ. ಹಳೆಯ ವಯಲ್ ತೊಳೆದು ಬಳಸಬಹುದು, ಹಳೆಯ ಬಿರಡೆ ಬೇಡ. ಒಂದೊಂದು ಬಿರಡೆಗೆ ಎರಡೋ ಮೂರೋ ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಪರೀಕ್ಷೆ ಕಳೆದುಕೊಂಡವರಿದ್ದಾರೆ. ಮುಚ್ಚಳವನ್ನು ಬೆರಳಿನಿಂದ ಗಟ್ಟಿ ಮಾಡಿ, ಆಮೇಲೆ ಇನ್ನು ಕಾಲು ಸುತ್ತು. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಬಿರಡೆ ಡೊಂಕಾಗಿ ಅಲ್ಲೇ ಸೋರಲು ಶುರುವಾಗುತ್ತದೆ.

ಲ್ಯಾಬಿನವರು ಹೀಲಿಯಂ ಹಾಯಿಸಿ, ಆಮೇಲೆ ಪಂಪ್‌ನಿಂದ ಖಾಲಿ ಮಾಡಿಕೊಟ್ಟರೆ ಅದೇ ಉತ್ತಮ. ಅಲ್ಪಸ್ವಲ್ಪ ಉಳಿದರೂ ಉಳಿಯುವುದು ಹೀಲಿಯಂ, ಊರ ಗಾಳಿಯಲ್ಲ. ಖಾಲಿ ಮಾಡಿದ ವಯಲ್‌ಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡಿ. ಹೊಲಕ್ಕೆ ಹೋಗುವ ವಾರದಲ್ಲೇ ಮಾಡಿಸಿ.

ಎರಡು ಮೂರು ವಯಲ್ ಎತ್ತಿಡಿ. ಗೊತ್ತಿರುವ ಗ್ಯಾಸನ್ನು ಲ್ಯಾಬಿನಲ್ಲೇ ತುಂಬಿಸಿ, ಅದನ್ನೂ ನಿಮ್ಮ ಜೊತೆ ಹೊಲಕ್ಕೆ ಒಯ್ದು, ವಾಪಸ್ ತನ್ನಿ. ಪ್ರಯಾಣದಲ್ಲಿ ಏನಾದರೂ ಸೋರಿದ್ದರೆ ಇವು ಚಾಡಿ ಹೇಳುತ್ತವೆ.

ಲೇಬಲ್ ಬಗ್ಗೆ ಒಂದು ಮಾತು. ನಾನು ಒಮ್ಮೆ ಜೆಲ್ ಪೆನ್ನಿನಲ್ಲಿ ಬರೆದು, ಬೆವರಿದ ಕೈಯಲ್ಲಿ ಹಿಡಿದು, ಇಡೀ ಒಂದು ದಿನದ ಸ್ಯಾಂಪಲ್ ಯಾವುದು ಎಲ್ಲಿಯದು ಅಂತ ಗೊತ್ತಾಗದೆ ಕೂತಿದ್ದೇನೆ. ಆವತ್ತಿನಿಂದ ಹೊರಡುವ ಮೊದಲೇ ನಂಬರ್ ಹಾಕಿ, ಮೇಲೆ ಸೆಲ್ಲೋಟೇಪ್ ಸುತ್ತುತ್ತೇನೆ. ಹೊಲದಲ್ಲಿ ನೋಟ್‌ಬುಕ್ಕಿನಲ್ಲಿ ನಂಬರ್ ಮಾತ್ರ ಬರೆಯುವುದು.

ಹಂತ 3: ಜಾಗ ನೋಡಿ, ಕೊಳವೆ ಇಳಿಸಿ

ಹೊಲದವರ ಒಪ್ಪಿಗೆ ಕೇಳಿ. ಡ್ರಿಪ್ ಪೈಪ್, ಮೋಟರ್ ವೈರ್ ಎಲ್ಲಿ ಹೋಗಿದೆ ಅಂತಲೂ ಅವರೇ ಹೇಳಬೇಕು. ಬದುವಿನ ಹತ್ತಿರ, ಗೊಬ್ಬರ ರಾಶಿ ಹಾಕಿದ್ದ ಜಾಗ, ಹುತ್ತ, ಇಲಿ ಬಿಲ ಇವೆಲ್ಲ ಬೇಡ. ಬಿಲದ ಪಕ್ಕ ಕೊಳವೆ ಇಳಿಸಿದರೆ ನಿಮಗೆ ಸಿಗುವುದು ಬಿಲದ ಗಾಳಿ, ಮಣ್ಣಿನದಲ್ಲ.

ನಮ್ಮ ಉದಾಹರಣೆಯಲ್ಲಿ ಮೂರು ಕಡೆ ಬೇಕು: ರಾಗಿ ಸಾಲಿನೊಳಗೆ, ಅವರೆ ಸಾಲಿನ ಹತ್ತಿರ, ಎರಡರ ನಡುವೆ. ಒಂದೊಂದು ಕಡೆಯೂ ಕನಿಷ್ಠ ಮೂರು ಕೊಳವೆ. ಮಣ್ಣು ಒಂದು ಮೊಳಕ್ಕೊಂದು ಥರ. ಒಂದೇ ಕೊಳವೆಯ ಮೇಲೆ ತೀರ್ಮಾನ ಕಟ್ಟಬೇಡಿ. ಆಳ 10, 30, 60 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಬಹುದು. ಯಾವುದಾದರೂ ಒಂದೇ ಆಳ ಅಂದರೆ ನಾನು 30 ಆರಿಸುತ್ತೇನೆ. 10 ಸೆಂಟಿಮೀಟರ್‌ನಲ್ಲಿ ಹೊರಗಿನ ಗಾಳಿಯ ಕಾಟ ಜಾಸ್ತಿ.

ಇಳಿಸುವ ರೀತಿ ಹೀಗೆ. ಕೊಳವೆಗಿಂತ ಚೂರು ಸಣ್ಣ ಸರಳಿನಿಂದ ಮೊದಲು ತೂತು ಮಾಡಿ. ತೂತು ದೊಡ್ಡದಾದರೆ ಕೊಳವೆಯ ಪಕ್ಕದಲ್ಲೇ ಗಾಳಿ ಇಳಿಯುತ್ತದೆ. ತೂತನ್ನು ಬೇಕಾದ ಆಳಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೊದಲೇ ನಿಲ್ಲಿಸಿ. ಆಮೇಲೆ ಒಳತಂತಿ ಸಮೇತ ಕೊಳವೆಯನ್ನು ನೇರವಾಗಿ ಒತ್ತಿ. ಅಲ್ಲಾಡಿಸಬೇಡಿ. ಕಲ್ಲು ಸಿಕ್ಕರೆ ಹಾರೆ ಹಾಕಿ ಎಬ್ಬುವ ಬದಲು ಎರಡಡಿ ಪಕ್ಕಕ್ಕೆ ಹೋಗಿ. ಆಳ ಮುಟ್ಟಿದ ಮೇಲೆ ತಂತಿ ಹೊರಗೆ ಎಳೆದು, ತಕ್ಷಣ ಸ್ಟಾಪ್‌ಕಾಕ್ ಹಾಕಿ ಮುಚ್ಚಿ.

ಕೊಳವೆ ನೆಲ ಸೇರುವಲ್ಲಿ ಬೆಂಟೊನೈಟನ್ನು ನೀರಲ್ಲಿ ಕಲಸಿ, ರೊಟ್ಟಿ ಹಿಟ್ಟಿನ ಹದಕ್ಕೆ ತಂದು, ಸುತ್ತಲೂ ಒತ್ತಿ. ನೀರು ಕುಡಿದು ಅದು ಉಬ್ಬಿ ಸಂದು ಮುಚ್ಚುತ್ತದೆ. ಬರೀ ಕೆಂಪು ಮಣ್ಣು ಮೆತ್ತಿದರೆ ಒಣಗಿ ಬಿರುಕು ಬಿಡುತ್ತದೆ.

ಇನ್ನು ಕಾಯುವುದು. ಚುಚ್ಚಿದ ಗಳಿಗೆಯಲ್ಲೇ ಎಳೆಯಬೇಡಿ. ಮಣ್ಣು ಕದಡಿರುತ್ತದೆ, ಹೊರಗಿನ ಗಾಳಿ ಒಳಗೆ ಹೋಗಿರುತ್ತದೆ. ಸಾಧ್ಯವಿದ್ದರೆ ಒಂದು ದಿನ ಬಿಡಿ. ಹಿಂದಿನ ದಿನ ಸಂಜೆ ಇಳಿಸಿ, ಮರುದಿನ ತೆಗೆಯುವುದು ನನ್ನ ಪದ್ಧತಿ. ಗುಂಡಿ ತೋಡಿ ಹೂತಿದ್ದರೆ ಒಂದು ದಿನ ಏನೂ ಸಾಲದು, ವಾರಗಳೇ ಬೇಕು. ಕಡಿದುಹೋದ ಬೇರುಗಳು ಕೊಳೆತು ತಮ್ಮದೇ ಗಾಳಿ ಬಿಡುತ್ತಿರುತ್ತವೆ.

ಆಳಕ್ಕೆ ಕೊಳವೆ ಇಡಬೇಕು ಅಂತ ಗುಂಡಿಗೋ ಹಾಳು ಬಾವಿಗೋ ಒಬ್ಬರೇ ಇಳಿಯುವ ಸಾಹಸ ಮಾತ್ರ ಬೇಡ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ನಿಂತಿರುತ್ತದೆ. ಮೇಲಿಂದಲೇ ಕೆಲಸ ಮಾಡಿ.

ಹಂತ 4: ಸೋರಿಕೆ ಇದೆಯಾ ನೋಡಿ

ಸ್ಟಾಪ್‌ಕಾಕನ್ನು ಕೊಳವೆಯ ಕಡೆಗೆ ಮುಚ್ಚಿ, ಪಕ್ಕದ ದಾರಿಯ ಬಾಯಿಯನ್ನೂ ಮುಚ್ಚಿ. ಸಿರಿಂಜಿನ ಹಿಡಿಯನ್ನು 10 ಮಿಲಿಲೀಟರಿನಷ್ಟು ಎಳೆದು, ಅರ್ಧ ನಿಮಿಷ ಹಿಡಿದು, ಬಿಡಿ. ಅದು ಸರ್ರನೆ ವಾಪಸ್ ಹೋಗಿ ಮೊದಲಿನ ಜಾಗಕ್ಕೇ ನಿಲ್ಲಬೇಕು. ನಡುವೆಯೇ ನಿಂತರೆ ಎಲ್ಲೋ ಗಾಳಿ ಒಳಗೆ ಬರುತ್ತಿದೆ. ಜೋಡಣೆ ಬಿಚ್ಚಿ ಮತ್ತೆ ಕೂರಿಸಿ. ಒಂದು ನಿಮಿಷದ ಕೆಲಸ. ಆದರೂ ಬಿಸಿಲಿಗೆ ಬೇಸತ್ತು ಹತ್ತರಲ್ಲಿ ಎಂಟು ಜನ ಇದನ್ನು ಬಿಟ್ಟುಬಿಡುತ್ತಾರೆ ಅಂತ ನನ್ನ ಅನುಮಾನ.

ಕೊಳವೆಯ ಜೋಡಣೆಯನ್ನೂ ಹೀಗೆಯೇ ಪರೀಕ್ಷಿಸಬಹುದು. ನೆಲಕ್ಕೆ ಇಳಿಸುವ ಮೊದಲು ಕೆಳಗಿನ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದು ಎಳೆದು ನೋಡಿ.

ಹಂತ 5: ಹಳೆಯ ಗಾಳಿ ಹೊರಗೆ

ಕೊಳವೆಯೊಳಗೆ ನಿಂತಿರುವ ಗಾಳಿಯನ್ನು ಮೊದಲು ಎಳೆದು ಚೆಲ್ಲಬೇಕು. ಅದಕ್ಕೆ 'ಪರ್ಜ್' ಎನ್ನುತ್ತಾರೆ. ಬೆಳಿಗ್ಗೆ ನಲ್ಲಿ ತಿರುಗಿಸಿ ಪೈಪಿನಲ್ಲಿ ನಿಂತ ನೀರು ಬಿಡುತ್ತೇವಲ್ಲ, ಹಾಗೆ. ಎಷ್ಟು? ಒಳ ಅಗಲ 2 ಮಿಲಿಮೀಟರ್, ಉದ್ದ 1 ಮೀಟರ್ ಇದ್ದರೆ ಕೊಳವೆಯೊಳಗೆ ಹಿಡಿಯುವುದು 3 ಮಿಲಿಲೀಟರಿಗಿಂತ ಚೂರು ಜಾಸ್ತಿ. ಅದರ ಮೂರರಷ್ಟು, ಅಂದರೆ 10 ಮಿಲಿಲೀಟರ್ ಎಳೆದು ಸ್ಟಾಪ್‌ಕಾಕಿನ ಪಕ್ಕದ ದಾರಿಯಿಂದ ಹೊರಗೆ ಬಿಡಿ.

"ಇನ್ನೂ ಒಂದಿಷ್ಟು ಜಾಸ್ತಿ ಎಳೆದರೆ ಸೇಫ್ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ! ಲೆಕ್ಕ ಹಾಕಿ ನೋಡೋಣ. ಮಣ್ಣಿನಲ್ಲಿ ಗಾಳಿ ತುಂಬಿದ ರಂಧ್ರ ನೂರಕ್ಕೆ 20 ಅಂದುಕೊಳ್ಳಿ. ಪರ್ಜ್ 10, ಸ್ಯಾಂಪಲ್ 30, ಒಟ್ಟು 40 ಮಿಲಿಲೀಟರ್ ಗಾಳಿ ಬೇಕು. ಅದು 200 ಮಿಲಿಲೀಟರ್ ಮಣ್ಣಿನಿಂದ ಬರುತ್ತದೆ. ಕೊಳವೆ ಬಾಯಿಯ ಸುತ್ತ ಉಂಡೆಯಾಗಿ ಊಹಿಸಿಕೊಂಡರೆ ಆ ಉಂಡೆಯ ತ್ರಿಜ್ಯ ಮೂರೂವರೆ ಸೆಂಟಿಮೀಟರಿಗೆ ಚೂರು ಜಾಸ್ತಿ. ಪರವಾಗಿಲ್ಲ. ಅದೇ ಅರ್ಧ ಲೀಟರ್ ಎಳೆದರೆ ತ್ರಿಜ್ಯ ಎಂಟೂವರೆ ಸೆಂಟಿಮೀಟರಿನ ಹತ್ತಿರ. 10 ಸೆಂಟಿಮೀಟರ್ ಆಳದ ಕೊಳವೆಯಾದರೆ ಉಂಡೆಯ ನೆತ್ತಿ ಬಹುತೇಕ ನೆಲದ ಮೇಲೆ ಬಂತು. ನೀವು ಎಳೆಯುತ್ತಿರುವುದು ಆಕಾಶದ ಗಾಳಿ! ಹಾಗಾಗಿ ಕೊಳವೆ ಸಣ್ಣದಿರಬೇಕು, ಗಿಡ್ಡವಿರಬೇಕು, ಎಳೆಯುವುದು ಕಮ್ಮಿ ಇರಬೇಕು.

ಹಂತ 6: ನಿಧಾನವಾಗಿ ಎಳೆಯಿರಿ, ವಯಲ್ ತುಂಬಿ

30 ಮಿಲಿಲೀಟರ್ ಎಳೆಯಲು ಒಂದು ನಿಮಿಷವಾದರೂ ತೆಗೆದುಕೊಳ್ಳಿ. ಜೋರಾಗಿ ಎಳೆದರೆ ಕೊಳವೆಯ ಪಕ್ಕದ ಸಂದಿನಿಂದ ಗಾಳಿ ನುಗ್ಗುತ್ತದೆ. ಮಣ್ಣಿನ ನೀರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡೂ ಸೋಡಾ ಬಾಟಲಿ ತೆಗೆದ ಹಾಗೆ ಹೊರಗೆ ಬಂದು ಸೇರಿಕೊಳ್ಳುತ್ತದೆ. ಹಿಡಿ ಬಿಗಿಯಾಗಿ ಹಿಂದಕ್ಕೆ ಎಳೆಯುತ್ತಿದ್ದರೆ, ಅಥವಾ ಸಿರಿಂಜಿನಲ್ಲಿ ನೀರಿನ ಹನಿ ಕಂಡರೆ, ಬಿಟ್ಟುಬಿಡಿ. ಅಲ್ಲಿ ಮಣ್ಣು ತುಂಬಾ ಹಸಿ. ಇನ್ನೊಂದು ದಿನ ಬನ್ನಿ.

ಸಿರಿಂಜ್ ತುಂಬಿದ ಮೇಲೆ:

1. ಸ್ಟಾಪ್‌ಕಾಕನ್ನು ಕೊಳವೆಯ ಕಡೆಗೆ ಮುಚ್ಚಿ, ಪಕ್ಕದ ದಾರಿಗೆ ಸೂಜಿ ಹಾಕಿ.
2. 5 ಮಿಲಿಲೀಟರ್ ಹೊರಗೆ ಒತ್ತಿ ಸೂಜಿಯೊಳಗಿನ ಗಾಳಿ ತೊಳೆಯಿರಿ.
3. ಒತ್ತುತ್ತಿರುವಾಗಲೇ, ಕೈ ನಿಲ್ಲಿಸದೆ, ಬಿರಡೆಯ ನಡುವೆ ಚುಚ್ಚಿ.
4. ಖಾಲಿ ಮಾಡಿದ ವಯಲ್ ಆದರೆ ಸಿರಿಂಜಿನ ಹಿಡಿ ತಾನಾಗಿಯೇ ಒಳಗೆ ಎಳೆದುಕೊಂಡು ಹೋಗಬೇಕು.
5. ನಿಂತ ಮೇಲೆ ಉಳಿದದ್ದನ್ನೂ ಒತ್ತಿ, ಒಟ್ಟು 20 ಮಿಲಿಲೀಟರ್ ಆಗಲಿ. ಒತ್ತಿ ಹಿಡಿದೇ ಸೂಜಿ ಹೊರಗೆ ತೆಗೆಯಿರಿ.

ನಾಲ್ಕನೆಯದನ್ನು ಕಣ್ಣಿಟ್ಟು ನೋಡಿ. ಹಿಡಿ ತಾನಾಗಿ ಹೋಗದಿದ್ದರೆ ಆ ವಯಲ್ ಮೊದಲೇ ಸೋರಿ ಗಾಳಿ ತುಂಬಿಕೊಂಡಿದೆ. ಬದಿಗಿಡಿ, ಬೇರೆ ವಯಲ್ ತೆಗೆದುಕೊಳ್ಳಿ. ಇದಕ್ಕೇ ಲೆಕ್ಕಕ್ಕಿಂತ ಐದಾರು ವಯಲ್ ಹೆಚ್ಚು ಒಯ್ಯಬೇಕು.

12 ಹಿಡಿಯುವ ವಯಲ್‌ಗೆ 20 ಯಾಕೆ ಅಂದರೆ, ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿರಲಿ ಅಂತ. ಚೂರು ಸೋರಿದರೂ ಒಳಗಿನದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಹೀಲಿಯಂ ತುಂಬಿದ ವಯಲ್ ಆದರೆ ಈ ಲೆಕ್ಕ ನಡೆಯುವುದಿಲ್ಲ, ಲ್ಯಾಬ್ ಹೇಳಿದ ಅಳತೆಯಷ್ಟೇ ಹಾಕಿ.

ಸಿರಿಂಜಿನಲ್ಲೇ ಗಾಳಿ ಹಿಡಿದುಕೊಂಡು "ರೂಮಿಗೆ ಹೋಗಿ ತುಂಬೋಣ" ಎನ್ನಬೇಡಿ. ಪ್ಲಾಸ್ಟಿಕ್ ಸಿರಿಂಜ್ ಸೋರುತ್ತದೆ. ಎಳೆದ ಕೂಡಲೇ ವಯಲ್‌ಗೆ. ಅದೇ ಕೊಳವೆಯಿಂದ ಎರಡನೇ ಸ್ಯಾಂಪಲ್ ಬೇಕಿದ್ದರೆ ಅರ್ಧ ಗಂಟೆ ಬಿಟ್ಟು ಎಳೆಯಿರಿ.

ಹಂತ 7: ನೆಲದ ಮೇಲಿನ ಗಾಳಿಯನ್ನೂ ಹಿಡಿಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡಿ ಅಂದರೆ ನಾನು ಹೇಳುವುದು ಇದನ್ನೇ. ಪ್ರತಿ ಸಲ, ಪ್ರತಿ ಜಾಗದಲ್ಲಿ, ನೆಲದಿಂದ ಒಂದು ಗೇಣು ಮೇಲಿನ ಗಾಳಿಯ ಎರಡು ವಯಲ್ ತುಂಬಿಕೊಳ್ಳಿ. ದುಡ್ಡು ಉಳಿಸಲು ಜನ ಮೊದಲು ಕೈಬಿಡುವುದು ಇದನ್ನೇ. ಯಾಕೆ ಬಿಡಬಾರದು ಅಂತ ಲೆಕ್ಕದ ಹಂತದಲ್ಲಿ ತೋರಿಸುತ್ತೇನೆ.

ತುಂಬುವಾಗ ಗಾಳಿ ಬೀಸುವ ದಿಕ್ಕಿಗೆ ಮುಖ ಮಾಡಿ, ಕೈ ಮುಂದೆ ಚಾಚಿ ಹಿಡಿಯಿರಿ. ನಮ್ಮ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ ನಾಲ್ಕರಷ್ಟಿರುತ್ತದೆ, ಹೊರಗಿನ ಗಾಳಿಯ ಸುಮಾರು ನೂರು ಪಟ್ಟು. ಸುತ್ತ ನಿಂತು ನೋಡುವ ಜನರನ್ನು ಒಂದು ನಿಮಿಷ ಹಿಂದೆ ಸರಿಯಲು ಹೇಳಿ. ಸ್ಟಾರ್ಟ್ ಮಾಡಿಟ್ಟ ಬೈಕ್, ಟ್ರ್ಯಾಕ್ಟರ್, ಪಕ್ಕದಲ್ಲಿ ಸುಡುತ್ತಿರುವ ಕಸ ಯಾವುದೂ ಇರಬಾರದು.

ಹಂತ 8: ಬರೆದುಕೊಳ್ಳಿ, ಜೋಪಾನ ಮಾಡಿ, ಕಳಿಸಿ

ವಯಲ್ ನಂಬರ್, ಜಾಗ, ಆಳ, ದಿನ, ಗಂಟೆ, ಮಣ್ಣಿನ ತಾಪ, ಹಸಿ ಎಷ್ಟಿದೆ, ಹಿಂದಿನ ಮಳೆ ಯಾವಾಗ, ಗೊಬ್ಬರ ಯಾವಾಗ ಹಾಕಿದ್ದು. ಇಷ್ಟನ್ನು ಅಲ್ಲೇ ಬರೆಯಿರಿ. ಪ್ರತಿ ಸಲವೂ ದಿನದ ಅದೇ ಹೊತ್ತಿಗೆ ತೆಗೆಯಿರಿ.

ಮಳೆಯ ವಿಷಯ ಚಿಕ್ಕದಲ್ಲ. ಒಣಗಿದ ಮಣ್ಣಿಗೆ ಮೊದಲ ಹನಿ ಬಿದ್ದ ಕೂಡಲೇ ಸೂಕ್ಷ್ಮಜೀವಿಗಳು ಎದ್ದು ಒಮ್ಮೆಗೇ ಕಾರ್ಬನ್ ಡೈಆಕ್ಸೈಡ್ ಉಗುಳುತ್ತವೆ. ಪೂರ್ವ ಆಫ್ರಿಕಾದ ಮಣ್ಣಿನ ಮೇಲೆ ಕೆಲಸ ಮಾಡಿದ ಬರ್ಚ್ 1958ರಲ್ಲಿ ಇದನ್ನು ವಿವರಿಸಿದ್ದರಿಂದ 'ಬರ್ಚ್ ಪರಿಣಾಮ' ಎನ್ನುತ್ತಾರೆ. ಆ ಹೊತ್ತಲ್ಲಿ ಸಿಗುವುದು ಹೆಚ್ಚಾಗಿ ಮಣ್ಣಿನ ಹಳೆಯ ಕಾರ್ಬನ್, ಈ ವರ್ಷದ ಬೆಳೆಯದಲ್ಲ. ನಿಮ್ಮ ಪ್ರಶ್ನೆ ಅದೇ ಆಗಿದ್ದರೆ ಸರಿ. ಬೇರಿನ ಉಸಿರು ಬೇಕಿದ್ದರೆ ಮಳೆ ನಿಂತು ಎರಡು ಮೂರು ದಿನ ಬಿಟ್ಟು ಹೋಗಿ.

ವಯಲ್‌ಗಳನ್ನು ನೆರಳಿನಲ್ಲಿ, ಸಾಮಾನ್ಯ ತಾಪದಲ್ಲಿ ಇಡಿ. ಕಾರಿನ ಡ್ಯಾಶ್‌ಬೋರ್ಡ್ ಬೇಡ. ಫ್ರಿಜ್ ಕೂಡ ಬೇಡ. ತಣ್ಣಗಾದರೆ ರಬ್ಬರ್ ಕುಗ್ಗುತ್ತದೆ, ಒಳಗೆ ನೀರ ಹನಿ ಕಟ್ಟುತ್ತದೆ. ನೀವು ಆಕ್ಸಿಜನ್ ಐಸೋಟೋಪನ್ನೂ ನೋಡುವವರಾದರೆ ಈ ನೀರಿನ ಹನಿ ದೊಡ್ಡ ಶತ್ರು. ಕಾರ್ಬನ್ ಡೈಆಕ್ಸೈಡಿನ ಆಕ್ಸಿಜನ್ ನೀರಿನ ಆಕ್ಸಿಜನ್ ಜೊತೆ ಅದಲು ಬದಲಾಗುತ್ತದೆ. ಅಂಥವರು ತುಂಬುವಾಗಲೇ ತೇವ ಹೀರುವ ವ್ಯವಸ್ಥೆ ಮಾಡಬೇಕು. ಕಾರ್ಬನ್ ಮಾತ್ರ ನೋಡುವವರಿಗೆ ಅಷ್ಟು ತಲೆನೋವಿಲ್ಲ.

ಕೊರಿಯರ್ ಮಾಡುವುದಾದರೆ ವಯಲ್ ವಯಲ್‌ಗೆ ತಾಗದಂತೆ ಥರ್ಮಾಕೋಲ್ ಗೂಡಿನಲ್ಲಿಟ್ಟು ಕಳಿಸಿ. ಆದರೆ ನನ್ನ ಮಾತು ಕೇಳಿದರೆ ಬಸ್ಸು ಹತ್ತಿ ನೀವೇ ಕೊಟ್ಟು ಬನ್ನಿ.

ಹಂತ 9: ನಂಬರ್ ಬಂತು, ಈಗ ಲೆಕ್ಕ

ಲ್ಯಾಬಿನಿಂದ ರಿಪೋರ್ಟ್ ಬಂತು ಅಂದುಕೊಳ್ಳಿ. 30 ಸೆಂಟಿಮೀಟರ್ ಆಳದ ಗಾಳಿ: 5000 ಪಿಪಿಎಂ, ಡೆಲ್ಟಾ ಮೈನಸ್ 16. ನೆಲದ ಮೇಲಿನ ಗಾಳಿ: 420 ಪಿಪಿಎಂ, ಡೆಲ್ಟಾ ಮೈನಸ್ 8.5. (ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡ ನಂಬರ್ ಇವು.)

ಅವಸರದವರು ಮೈನಸ್ 16ನ್ನು ನೇರವಾಗಿ ತೆಗೆದುಕೊಳ್ಳುತ್ತಾರೆ. ಅವರೆ ಮೈನಸ್ 27, ರಾಗಿ ಮೈನಸ್ 12. 27ರಿಂದ 16 ಕಳೆದರೆ 11, ಅದನ್ನು 15ರಿಂದ ಭಾಗಿಸಿದರೆ ರಾಗಿಯ ಪಾಲು ನೂರಕ್ಕೆ 73! ಇದು ತಪ್ಪು.

ಸರಿಯಾದ ದಾರಿಯನ್ನು ಗ್ರೆಗ್ ಡೇವಿಡ್ಸನ್ 1995ರಲ್ಲಿ ಸೂತ್ರವಾಗಿ ಕೊಟ್ಟರು. ಬಾಯಿಮಾತಿನಲ್ಲಿ ಹೀಗೆ:

ಮಣ್ಣಿನ ಡೆಲ್ಟಾದಿಂದ 4.4 ಕಳೆದು, ಮಣ್ಣಿನ ಸಾಂದ್ರತೆಯಿಂದ ಗುಣಿಸಿ. 5000 × (−20.4) = −1,02,000.

ಹೊರಗಾಳಿಗೂ ಹಾಗೇ ಮಾಡಿ. 420 × (−12.9) = −5,418.

ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. −96,582.

ಎರಡು ಸಾಂದ್ರತೆಗಳ ವ್ಯತ್ಯಾಸವನ್ನು 1.0044ರಿಂದ ಗುಣಿಸಿ. 4580 × 1.0044 = 4,600.

ಭಾಗಿಸಿ. ಉತ್ತರ ಮೈನಸ್ 21.

ಬೇರು ಮತ್ತು ಸೂಕ್ಷ್ಮಜೀವಿಗಳು ಬಿಟ್ಟ ಗಾಳಿಯ ನಿಜವಾದ ಡೆಲ್ಟಾ ಇದು. ಈಗ ಪಾಲು ನೋಡಿ. 27ರಿಂದ 21 ಕಳೆದರೆ 6, ಭಾಗಿಸು 15, ರಾಗಿ ಕಡೆಯ ಪಾಲು ನೂರಕ್ಕೆ 40. ಎಲ್ಲಿಯ 73, ಎಲ್ಲಿಯ 40!

ಹೊರಗಾಳಿಯ ವಯಲ್ ಯಾಕೆ ಬೇಕು ಅಂದೆನಲ್ಲ, ಈಗ ನೋಡಿ. ನಿಮ್ಮ ಕೈ ತಪ್ಪಿ ಅರ್ಧಕ್ಕರ್ಧ ಹೊರಗಾಳಿ ಸ್ಯಾಂಪಲ್‌ಗೆ ಸೇರಿತು ಅಂತಿಟ್ಟುಕೊಳ್ಳಿ. ಸಾಂದ್ರತೆ 2710ಕ್ಕೆ ಇಳಿಯುತ್ತದೆ, ಡೆಲ್ಟಾ ಮೈನಸ್ 15.4ರ ಹತ್ತಿರ ಬರುತ್ತದೆ. ಇದೇ ಲೆಕ್ಕಕ್ಕೆ ಹಾಕಿ. ಉತ್ತರ ಮತ್ತೆ ಮೈನಸ್ 21! ಹೊರಗಾಳಿ ಬೆರೆತರೆ ಸೂತ್ರವೇ ಅದನ್ನು ಕಳೆದುಹಾಕುತ್ತದೆ. ಆದರೆ ಆ ಗಾಳಿಯ ನಂಬರ್ ಮತ್ತು ಸ್ಯಾಂಪಲ್‌ನ ಸಾಂದ್ರತೆ ಎರಡೂ ನಿಮ್ಮ ಕೈಯಲ್ಲಿರಬೇಕು.

ಹಾಗಂತ ಬೇಕಾಬಿಟ್ಟಿ ಸೇರಿಸಬೇಡಿ. ಸಾಂದ್ರತೆ ಹೊರಗಾಳಿಗೆ ಹತ್ತಿರವಾದಷ್ಟೂ ಮಷಿನ್‌ನ ಸಣ್ಣ ತಪ್ಪು ದೊಡ್ಡದಾಗುತ್ತದೆ. ಇನ್ನೊಂದು, ಬಿರಡೆಯಿಂದ ನಿಧಾನವಾಗಿ ಹೊರಗೆ ಸೋರಿದ್ದರೆ ಹಗುರ ಅಣುಗಳು ಮೊದಲು ಹೋಗಿರುತ್ತವೆ. ಆ ತಪ್ಪನ್ನು ಯಾವ ಸೂತ್ರವೂ ಸರಿಮಾಡುವುದಿಲ್ಲ. ಎಳೆಯುವಾಗ ಆದ ತಪ್ಪಿಗೆ ಮದ್ದಿದೆ, ಇಡುವಾಗ ಆದ ತಪ್ಪಿಗಿಲ್ಲ.

ಮೈನಸ್ 27, ಮೈನಸ್ 12 ಎಂಬುದನ್ನೂ ಕಣ್ಣುಮುಚ್ಚಿ ಬಳಸಬೇಡಿ. ನಿಮ್ಮ ಹೊಲದ ರಾಗಿ ಬೇರು, ಅವರೆ ಬೇರು ಒಣಗಿಸಿ, ಪುಡಿ ಮಾಡಿ ಅದೇ ಲ್ಯಾಬಿಗೆ ಕೊಡಿ. ಬೆಳೆಯಿಲ್ಲದ ಒಂದು ತುಂಡು ನೆಲದ ಗಾಳಿಯನ್ನೂ ಹಿಡಿಯಿರಿ. ಹತ್ತಾರು ವರ್ಷ ರಾಗಿಯನ್ನೇ ಬೆಳೆದ ಹೊಲದಲ್ಲಿ ಮಣ್ಣಿನ ಹಳೆಯ ಕಾರ್ಬನ್ನೂ ರಾಗಿಯ ಗುರುತನ್ನೇ ಹೊತ್ತಿರುತ್ತದೆ. ನೂರಕ್ಕೆ 40 ಅಂದದ್ದು ಈ ವರ್ಷದ ಬೇರಿನದೋ, ತಾತನ ಕಾಲದ ಕೂಳೆಯದೋ ಅಂತ ಹೇಳಲು ಆ ಬರಡು ತುಂಡೇ ಸಾಕ್ಷಿ.

ಎರೆ ಮಣ್ಣಿನವರಿಗೂ ಗದ್ದೆಯವರಿಗೂ

ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲದಲ್ಲಿ ಎರಡು ತೊಡಕು. ಒಣಗಿದಾಗ ಬೀಳುವ ಬಿರುಕಿನಲ್ಲಿ ಹೊರಗಾಳಿ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಮಣ್ಣು ಹದವಾಗಿ, ಬಿರುಕು ಮುಚ್ಚಿದ್ದಾಗಲೇ ತೆಗೆಯಿರಿ. ಎರಡನೆಯದು, ಆ ಮಣ್ಣಿನಲ್ಲಿರುವ ಸುಣ್ಣದ ಹರಳುಗಳು. ಅವುಗಳ ಕಾರ್ಬನ್ ಬೇರಿನ ಉಸಿರಿಗಿಂತ ತುಂಬಾ ಭಾರ. ಅವು ಕರಗಿ ಗಾಳಿಗೆ ಸೇರಿದರೆ ನಿಮ್ಮ ತೊಗರಿ ಹೊಲವೂ ಜೋಳದ ಹೊಲದ ಹಾಗೆ ಕಾಣಬಹುದು. ಒಂದು ಚಮಚ ಮಣ್ಣಿಗೆ ಎರಡು ಹನಿ ತೆಳು ಆಸಿಡ್ ಹಾಕಿ ನೋಡಿ. ಬುರುಗು ಬಂದರೆ ಸುಣ್ಣ ಇದೆ. ಆ ಹರಳನ್ನೂ ಅಳೆಸಿ. ಈ ಪರೀಕ್ಷೆ ಕೊಳವೆಯಿಂದ ದೂರ ಮಾಡಿ, ಬುರುಗಿನಿಂದ ಬರುವುದೂ ಕಾರ್ಬನ್ ಡೈಆಕ್ಸೈಡೇ.

ನೀರು ನಿಂತ ಭತ್ತದ ಗದ್ದೆಗೆ ಈ ಕೊಳವೆ ಕೆಲಸಕ್ಕೆ ಬರುವುದಿಲ್ಲ, ಸಿರಿಂಜಿಗೆ ಕೆಸರು ನೀರು ಬರುತ್ತದೆ ಅಷ್ಟೇ. ಅಲ್ಲಿ ಕೆಸರಿನಿಂದ ಏಳುವ ಗುಳ್ಳೆಗಳನ್ನು ನೀರಿನಡಿ ಬೋರಲು ಹಾಕಿದ ಲಾಳಿಕೆಯಲ್ಲಿ ಹಿಡಿಯುತ್ತಾರೆ. ಅದರಲ್ಲಿ ಮೀಥೇನ್ ಜಾಸ್ತಿ ಇರುತ್ತದೆ. ಹತ್ತಿರ ಬೀಡಿ ಹಚ್ಚುವವರು ಇದ್ದರೆ ಆಚೆ ಕಳಿಸಿ.